ಕಪಿಚೇಷ್ಟೆಯ ಕಾಟ ಹಾಡಾದಾಗ

ಗಿರಣಿಯಲ್ಲಿ ಮೈಮುರಿದು ದುಡಿದು ಮನೆಗೆ ಬಂದರೆ ಅಂಚೆಯಲ್ಲಿ ಬಿಲ್ಲು ಕಾದಿರುತ್ತದೆ. ಸಾರ್ವಜನಿಕ ಟೆಲಿಫೋನು ನಾಣ್ಯ ನುಂಗುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಇಂಥ ಚಿಲ್ಲರೆ ಗೋಳುಗಳನ್ನೇ ಪೋಣಿಸಿ ಅಮೆರಿಕದ ರಾಕ್ ಗಾಯಕ ಚಕ್ ಬೆರಿ 1956ರಲ್ಲಿ ಒಂದು ಹಾಡು ಕಟ್ಟಿದರು. ಹೆಸರು ‘ಟೂ ಮಚ್ ಮಂಕಿ ಬಿಸಿನೆಸ್’. ನಮ್ಮ ‘ಕಪಿಚೇಷ್ಟೆ’ಗೆ ಹತ್ತಿರದ ಮಾತು ಅದು, ಇಂಗ್ಲಿಷಿನಲ್ಲಿ ಅದಕ್ಕೆ ಮೋಸದ ವಾಸನೆಯೂ ಇದೆ.

ರಾಕ್ ಎನ್ ರೋಲ್ ಆಗಿನ್ನೂ ಎಳೆಗೂಸು. ಅದರ ಹಾಡುಗಳೆಂದರೆ ಬಹುಪಾಲು ಪ್ರೇಮ, ವಿರಹ, ಕುಣಿತ. ಬೆರಿ ಮಾತ್ರ ಸಂಸಾರದ ಲೆಕ್ಕಪುಸ್ತಕ ಬಿಚ್ಚಿದರು. ಅದು ಅವರಿಗೆ ಗೊತ್ತಿದ್ದ ಲೋಕ. 1926ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿದ ಅವರು ಕಾರು ಜೋಡಿಸುವ ಕಾರ್ಖಾನೆಯಲ್ಲಿ ದುಡಿದಿದ್ದರು, ಕೇಶಾಲಂಕಾರ ಕಲಿತಿದ್ದರು, ರಾತ್ರಿ ಹೊತ್ತು ಕ್ಲಬ್ಬುಗಳಲ್ಲಿ ಗಿಟಾರ್ ನುಡಿಸುತ್ತಿದ್ದರು.

ಹಾಡಿಗೆ ಏಳು ಚರಣ, ಚರಣಕ್ಕೊಂದು ಕಾಟ. ಈಗ ಒಯ್ಯಿ, ದುಡ್ಡು ಮುಂದಿನ ವಾರ ಕೊಡು ಎಂದು ಗಂಟುಬೀಳುವ ಮಾರಾಟಗಾರ. ದಿನ ಬೆಳಗಾದರೆ ಶಾಲೆ. ಸೈನ್ಯದ ಊಟ, ಸೈನ್ಯದ ಬಟ್ಟೆ. ಪೆಟ್ರೋಲ್ ಬಂಕಿನಲ್ಲಿ ಗಾಜು ಒರೆಸು, ಟೈರು ನೋಡು, ಆಯಿಲ್ ನೋಡು. ವಿದ್ಯಾರ್ಥಿ, ಕೂಲಿ, ಯೋಧ ಎಲ್ಲರೂ ಇಲ್ಲಿ ‘ನಾನು’. ಇದು ಬೆರಿಯವರ ಆತ್ಮಕಥೆಯಲ್ಲ. ಅವರು ಸೈನ್ಯದಲ್ಲಿ ಇದ್ದವರೇ ಅಲ್ಲ. ಯಾವ ಕಾಟಕ್ಕೂ ಹಾಡಿನಲ್ಲಿ ಪರಿಹಾರವಿಲ್ಲ. ಪ್ರತಿ ಚರಣದ ಕೊನೆಗೆ ಬೇಸತ್ತವನ ಒಂದು ಉದ್ಗಾರ, ಅಷ್ಟೇ. ನಗು ಹುಟ್ಟುವುದು ವೇಗದಿಂದ. ಉಸಿರು ಬಿಡಲೂ ಪುರುಸೊತ್ತಿಲ್ಲದವನಂತೆ ಮಾತುಗಳು ಒಂದರ ಮೇಲೊಂದು ಬೀಳುತ್ತವೆ. ಆದರೂ ಒಂದೊಂದು ಶಬ್ದವೂ ಸ್ಪಷ್ಟ.

ಒಂದು ಚರಣ ಮಾತ್ರ ಬರಿಯ ತಮಾಷೆಯಲ್ಲ. ಹೊಂಬಣ್ಣದ ಕೂದಲಿನ ಚೆಲುವೆಯೊಬ್ಬಳು ಮದುವೆಯಾಗು, ಮನೆ ಮಾಡು ಎಂದು ಅವನ ಬೆನ್ನು ಬಿದ್ದಿದ್ದಾಳೆ. ಹಾಡಿದವರು ಕರಿಯರು ಎಂಬುದನ್ನು ಮರೆಯಬಾರದು. ಹಿಂದಿನ ವರ್ಷವಷ್ಟೇ, 1955ರ ಆಗಸ್ಟಿನಲ್ಲಿ, ಬಿಳಿಯ ಹೆಂಗಸಿನೊಡನೆ ಸಲಿಗೆಯಿಂದ ನಡೆದುಕೊಂಡನೆಂಬ ಆಪಾದನೆಗೆ ಎಮೆಟ್ ಟಿಲ್ ಎಂಬ 14 ವರ್ಷದ ಕರಿಯ ಹುಡುಗನನ್ನು ಮಿಸಿಸಿಪಿಯಲ್ಲಿ ಕೊಂದುಹಾಕಿದ್ದರು. ಬಸ್ಸಿನ ಆಸನಕ್ಕಾಗಿ ಮಾಂಟ್‌ಗೊಮರಿಯ ಕರಿಯರು ನಡೆಸಿದ ಬಹಿಷ್ಕಾರ 1956ರುದ್ದಕ್ಕೂ ಸಾಗಿತ್ತು. ಅಂಥ ಕಾಲದಲ್ಲಿ ಆ ಚೆಲುವೆಯನ್ನು ಬಿಲ್ಲು, ಟೆಲಿಫೋನುಗಳ ಸಾಲಿಗೆ ಸೇರಿಸಿ ‘ಇದೊಂದು ಕಾಟ’ ಎಂದು ಕೈಕೊಡವುವುದಕ್ಕೆ ಎದೆಗಾರಿಕೆ ಬೇಕಿತ್ತು. ನಗೆಯ ಮರೆ ಇಲ್ಲದಿದ್ದರೆ ಅದು ದಕ್ಕುತ್ತಿತ್ತೆ ಎಂಬುದು ಅನುಮಾನ. ಬಿಲ್ಲು, ಕಂತು, ಶಾಲೆಗಳ ಕಾಟವಾದರೋ ಬಿಳಿಯ ಹುಡುಗರಿಗೂ ಇತ್ತು. ಹಾಡು ಅವರದೂ ಆಯಿತು.

ಅಟ್ಲಾಂಟಿಕ್ ದಾಟಿ ಅದು ಇಂಗ್ಲೆಂಡಿಗೂ ಹೋಯಿತು. ಬೀಟಲ್ಸ್ ತಂಡ ಬಿಬಿಸಿ ರೇಡಿಯೋದಲ್ಲಿ ಹಾಡಿತು. ಕಿಂಕ್ಸ್, ಹೊಲೀಸ್ ತಂಡಗಳು 1964ರಲ್ಲಿ ಮುದ್ರಿಸಿಕೊಂಡವು. 1965ರಲ್ಲಿ ಬಾಬ್ ಡಿಲನ್ ಹಾಡಿದ ‘ಸಬ್‌ಟರೇನಿಯನ್ ಹೋಮ್‌ಸಿಕ್ ಬ್ಲೂಸ್’ನ ಓಟದ ಮೂಲ ಇಲ್ಲಿದೆ, ಡಿಲನ್ನರೇ ಅದನ್ನು ಒಪ್ಪಿಕೊಂಡಿದ್ದಾರೆ.

ಹಾಡಿನಲ್ಲಿ ನಕ್ಕ ಮೋಸ ಹಾಡುಗಾರನನ್ನೂ ಬಿಟ್ಟಿರಲಿಲ್ಲ. 1955ರಲ್ಲಿ ಅವರ ಮೊದಲ ಧ್ವನಿಮುದ್ರಿಕೆ ‘ಮೇಬಲೀನ್’ ಹೊರಬಂದಾಗ ರಚನಕಾರರ ಸಾಲಿನಲ್ಲಿ ಇನ್ನಿಬ್ಬರ ಹೆಸರಿತ್ತು. ಒಬ್ಬರು ಪ್ರಭಾವಿ ರೇಡಿಯೋ ನಿರೂಪಕ ಅಲನ್ ಫ್ರೀಡ್, ಇನ್ನೊಬ್ಬರು ರಸ್ ಫ್ರಾಟೊ. ಹಾಡಿನ ಒಂದು ಅಕ್ಷರವನ್ನೂ ಬರೆಯದ ಇವರಿಗೆ ಗೌರವಧನದಲ್ಲಿ ಪಾಲು! ಪೂರ್ಣ ಹಕ್ಕು ಬೆರಿಯವರಿಗೆ ಮರಳಿದ್ದು 1986ರಲ್ಲಿ.

ಪೆಟ್ಟು ತಿಂದವರು ಮುಂದೆ ಬಿಗಿಯಾದರು. ಗಿಟಾರ್ ಹಿಡಿದು ಒಬ್ಬರೇ ಊರಿಂದೂರಿಗೆ ಹೋಗುವುದು, ಪಕ್ಕವಾದ್ಯಕ್ಕೆ ಆ ಊರಿನವರನ್ನೇ ಸೇರಿಸಿಕೊಳ್ಳುವುದು, ರೊಕ್ಕ ಎಣಿಸಿಕೊಂಡ ಮೇಲೆಯೇ ವೇದಿಕೆ ಹತ್ತುವುದು ಅವರ ಪದ್ಧತಿಯಾಯಿತು. ಆ ನಗದು ವ್ಯವಹಾರವೇ ತೆರಿಗೆಯವರ ಕಣ್ಣಿಗೆ ಬಿತ್ತು. 1979ರ ಜೂನ್ 1ರಂದು ಅಧ್ಯಕ್ಷ ಕಾರ್ಟರ್ ಅವರೆದುರು ಶ್ವೇತಭವನದಲ್ಲಿ ಹಾಡಿದ ಬೆರಿ, ತೆರಿಗೆ ವಂಚನೆಗಾಗಿ ಅದೇ ವರ್ಷ 4 ತಿಂಗಳ ಸೆರೆವಾಸದ ಶಿಕ್ಷೆಗೆ ಗುರಿಯಾದರು.