ಬರೋಕ್ ಬೈಬಲ್ ಚಿತ್ರಗಳಲ್ಲಿ ನೆರಳು, ಬೆಳಕು ಮತ್ತು ಮಾನವಾಕೃತಿ

ಹದಿನಾರನೆಯ ಶತಮಾನದ ಕೊನೆಗೆ ರೋಮ್ ನಗರದಲ್ಲಿ ರೂಪುಗೊಂಡು, ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ಬಹುಭಾಗಕ್ಕೆ ಹಬ್ಬಿದ ಚಿತ್ರಣ ಪದ್ಧತಿ. ಗಾಢ ಕತ್ತಲೆಯ ಹಿನ್ನೆಲೆ, ಒಂದೇ ಕಡೆಯಿಂದ ಬೀಳುವ ತೀಕ್ಷ್ಣ ಬೆಳಕು, ಅದರಲ್ಲಿ ಎದ್ದು ಕಾಣುವ ಸಾಮಾನ್ಯ ಜನರ ಮೈ ಮುಖಗಳು ಇದರ ಗುರುತು. ನೆರಳು ಬೆಳಕುಗಳ ಹದವಾದ ಬೆರಕೆಯಿಂದ ದೇಹಕ್ಕೆ ತುಂಬುತನ ಕೊಡುವ ವಿದ್ಯೆ ಲಿಯೊನಾರ್ಡೊ ಡ ವಿಂಚಿಯ ಕಾಲಕ್ಕೇ ಬಲಿತಿತ್ತು. ಬರೋಕ್ ಕಲಾವಿದರು ಅದಕ್ಕೆ ಕಥೆ ಹೇಳುವ ಕೆಲಸವನ್ನೂ ವಹಿಸಿದರು. ದೈವದ ಪ್ರವೇಶವನ್ನು ಸೂಚಿಸಲು ಅನೇಕ ಕಡೆ ಪ್ರಭಾವಳಿಯಾಗಲಿ ಮೋಡಗಳಾಗಲಿ ಬೇಕಾಗಲಿಲ್ಲ, ಬೆಳಕೊಂದೇ ಸಾಕಾಯಿತು.

ಇದರ ಹಿಂದೆ ಚರ್ಚಿನ ಒತ್ತಾಸೆಯಿತ್ತು. ಪ್ರೊಟೆಸ್ಟಂಟರು ಪೂಜಾಚಿತ್ರಗಳನ್ನು ಅಲ್ಲಗಳೆದಾಗ, ಟ್ರೆಂಟ್ ಧರ್ಮಸಭೆ 1563ರ ತನ್ನ ಕೊನೆಯ ಅಧಿವೇಶನದಲ್ಲಿ ಅವುಗಳನ್ನು ಎತ್ತಿಹಿಡಿದು, ಚಿತ್ರಗಳು ಜನರಿಗೆ ಧರ್ಮವನ್ನು ತಿಳಿಸಿ ಭಕ್ತಿಯನ್ನು ಎಬ್ಬಿಸಬೇಕೆಂದು ವಿಧಿಸಿತು.

ಪದ್ಧತಿಯ ಆದ್ಯ ಪ್ರವರ್ತಕ, ಕರವಾಜಿಯೊ ಎಂದು ಹೆಸರಾದ ಮೈಕಲಾಂಜೆಲೊ ಮೆರಿಸಿ (1571–1610). ರೋಮಿನ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಚರ್ಚಿನಲ್ಲಿ, ಕೊಂತಾರೆಲ್ಲಿ ಪ್ರಾರ್ಥನಾಲಯದ ಎಡಗೋಡೆಗೆ 1599–1600ರಲ್ಲಿ ಅವನು ಬರೆದ ‘ಸಂತ ಮತ್ತಾಯನ ಕರೆ’ ಸುಮಾರು 3.2 ಮೀಟರ್ ಎತ್ತರ, 3.4 ಮೀಟರ್ ಅಗಲದ ತೈಲಚಿತ್ರ. ಸುಂಕ ವಸೂಲಿಗಾರ ಮತ್ತಾಯನನ್ನು ಯೇಸು ಶಿಷ್ಯನಾಗಲು ಕರೆದ ಪ್ರಸಂಗವಿದು. ಸುಂಕ ವಸೂಲಿಯ ಮೇಜಿನ ಸುತ್ತ ಐವರಿದ್ದಾರೆ. ತೊಟ್ಟಿರುವುದು ಕಲಾವಿದನ ಕಾಲದ ಉಡುಪು. ಬಲಗಡೆಯಿಂದ ಬಂದ ಯೇಸು ಮತ್ತು ಪೇತ್ರರದು ಪುರಾತನ ವೇಷ, ಬರಿಗಾಲು. ಪೇತ್ರ ಅಡ್ಡ ನಿಂತಿರುವುದರಿಂದ ಯೇಸುವಿನ ಮೈ ಬಹುಪಾಲು ಮರೆಯಾಗಿದೆ, ಉಳಿದದ್ದು ಕತ್ತಲಲ್ಲಿದೆ. ಮುಖದ ಒಂದು ಪಾರ್ಶ್ವ ಮತ್ತು ಚಾಚಿದ ಕೈ ಮಾತ್ರ ಬೆಳಗಿವೆ. ಆ ಕೈಯ ಮೇಲಿನಿಂದ ಓರೆಯಾಗಿ ಇಳಿದ ಬೆಳಕು ಗೋಡೆಯನ್ನು ಸೀಳಿಕೊಂಡು ಮೇಜಿನವರ ಮುಖಗಳನ್ನು ಮುಟ್ಟುತ್ತದೆ. ಎಡತುದಿಯ ಇಬ್ಬರು, ನಾಣ್ಯದ ಮೇಲೆ ಬಗ್ಗಿದ ಯುವಕ ಮತ್ತು ಕನ್ನಡಕ ಹಿಡಿದ ಮುದುಕ, ತಲೆಯೆತ್ತಿಯೇ ಇಲ್ಲ. ತನ್ನತ್ತಲೋ ಪಕ್ಕದವನತ್ತಲೋ ಬೆರಳು ತೋರುವ ಗಡ್ಡದವನೇ ಮತ್ತಾಯನೆಂಬುದು ಹೆಚ್ಚಿನವರ ಅಭಿಪ್ರಾಯ; ತಲೆ ತಗ್ಗಿಸಿದ ಯುವಕನೇ ಮತ್ತಾಯನೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಕರೆ ಕಿವಿಗೆ ಬೀಳುವ ಮೊದಲಿನ ಕ್ಷಣವಿದು ಎಂದು ಒಪ್ಪಿದರೆ ಆ ವಾದಕ್ಕೆ ತೂಕವಿದೆ.

ಚಿತ್ರದೊಳಗೆ ಕಿಟಕಿಯೊಂದಿದ್ದರೂ ಬೆಳಕು ಅದರಿಂದ ಬರುವುದಿಲ್ಲ. ಪ್ರಾರ್ಥನಾಲಯದ ನಿಜವಾದ ಕಿಟಕಿ ಬಲಿಪೀಠದ ಮೇಲೆ, ಅಂದರೆ ಈ ಗೋಡೆಯನ್ನು ನೋಡುವವರ ಬಲಕ್ಕಿದೆ. ಚಿತ್ರದ ಬೆಳಕಿನ ದಿಕ್ಕೂ ಅದೇ. ಪುಸ್ತಕದ ಪುಟದಲ್ಲಿ ಮಾತ್ರ ಚಿತ್ರ ಕಂಡವರಿಗೆ ಈ ಹೊಂದಾಣಿಕೆ ತಿಳಿಯುವುದೇ ಇಲ್ಲ.

ಕರವಾಜಿಯೊನದೆಂದು ಖಚಿತವಾಗಿ ಹೇಳಬಹುದಾದ ರೇಖಾಚಿತ್ರ ಒಂದೂ ಉಳಿದಿಲ್ಲ. ರೂಪದರ್ಶಿಗಳನ್ನು ಎದುರಿಗೆ ನಿಲ್ಲಿಸಿಕೊಂಡು ನೇರವಾಗಿ ಕ್ಯಾನ್ವಾಸಿನ ಮೇಲೆಯೇ ಬರೆಯುತ್ತಿದ್ದ. ಭಂಗಿಯ ಗುರುತಿಗೆಂದು ಗೀರಿದ ಗೆರೆಗಳು ಹಲವು ಚಿತ್ರಗಳಲ್ಲಿ ಸಿಕ್ಕಿವೆ. ಮೊದಲು ಬಳಿದ ಗಾಢ ಕಂದು ಲೇಪವನ್ನು ಅಲ್ಲಲ್ಲಿ ನೆರಳಾಗಿ ಹಾಗೆಯೇ ಬಿಟ್ಟು, ಬೆಳಕು ಬೀಳುವ ಭಾಗಗಳನ್ನು ಬಣ್ಣದಿಂದ ಕಟ್ಟುವುದು ಅವನ ರೀತಿ. ಅವನು ಯಾರನ್ನೂ ಬಿಸಿಲಿಗೆ ತರದೆ, ಮುಚ್ಚಿದ ಕೋಣೆಯ ಮಬ್ಬಿನಲ್ಲಿ ನಿಲ್ಲಿಸಿ ಎತ್ತರದಿಂದ ಬೆಳಕು ಬಿಡುತ್ತಿದ್ದನೆಂದು ಬೆಲ್ಲೋರಿ 1672ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಆಕ್ಷೇಪಿಸಿದ್ದಾನೆ. ಆಕ್ಷೇಪಣೆಯಾದರೂ ವಿಧಾನದ ವರ್ಣನೆಯಾಗಿ ಅದು ಬೆಲೆಯುಳ್ಳದ್ದು.

ಇಂಥ ಬೆಳಕು ದೇಹದ ಯಾವುದನ್ನೂ ಬಚ್ಚಿಡುವುದಿಲ್ಲ. ಸಾಂತ್ ಅಗೊಸ್ತೀನೊ ಚರ್ಚಿನ ‘ಲೊರೇತೊ ಮಾತೆ’ಯಲ್ಲಿ ಮೊಣಕಾಲೂರಿದ ಯಾತ್ರಿಕನ ಮಣ್ಣು ಮೆತ್ತಿದ ಅಂಗಾಲುಗಳು ಮುಂಭಾಗದಲ್ಲೇ ಇವೆ. ‘ಕನ್ಯೆಯ ಮರಣ’ದಲ್ಲಿ ಮರಿಯಳ ಹೊಟ್ಟೆ ಉಬ್ಬಿದೆ, ಪಾದಗಳು ಬರಿದಾಗಿವೆ, ಸ್ವರ್ಗ ಎಲ್ಲಿಯೂ ತೆರೆದಿಲ್ಲ. ಕಾರ್ಮೆಲೈಟ್ ಪಾದ್ರಿಗಳು ಆ ಚಿತ್ರವನ್ನು ತಿರಸ್ಕರಿಸಿದರು. 1607ರಲ್ಲಿ ಚಿತ್ರಕಾರ ರೂಬೆನ್ಸನ ಸಲಹೆಯಂತೆ ಮಾಂಟುವಾದ ಡ್ಯೂಕ್ ಕೊಂಡುಕೊಂಡ. ಈಗ ಅದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಚಿತ್ರದಲ್ಲಿ ತಲೆಬಾಗಿ ನಿಂತ ಶಿಷ್ಯರ ದುಃಖದಷ್ಟು ಪ್ರಾಮಾಣಿಕವಾದುದು ಆ ಕಾಲದ ಧಾರ್ಮಿಕ ಕಲೆಯಲ್ಲಿ ವಿರಳ.

ಈ ಪದ್ಧತಿಯನ್ನು ಇತರ ಕಲಾವಿದರೂ ಕೈಗೆತ್ತಿಕೊಂಡರು. ಆರ್ಟೆಮೀಸಿಯಾ ಜೆಂಟಿಲೆಸ್ಕಿ (ಜನನ 1593) ಯೂದಿತಳು ಹೊಲೊಫೆರ್ನೆಸನ ಕತ್ತು ಕೊಯ್ಯುವ ಪ್ರಸಂಗವನ್ನು ಎರಡು ಬಾರಿ ಬರೆದಳು. ಎರಡರಲ್ಲೂ ಬೆಳಕು ಬೀಳುವುದು ಹೆಂಗಸರ ಬಿಗಿದ ತೋಳುಗಳ ಮೇಲೆ. ಫ್ರಾನ್ಸಿನ ಜಾರ್ಜ್ ದ ಲಾ ತೂರ್ (1593–1652) ಮೇಣದಬತ್ತಿಯೊಂದನ್ನೇ ನೆಚ್ಚಿದವನು. ಅವನ ‘ಬಡಗಿ ಯೋಸೇಫ’ದಲ್ಲಿ ಯೋಸೇಫ ಬಗ್ಗಿ ಬೈರಿಗೆಯಿಂದ ಮರ ಕೊರೆಯುತ್ತಿದ್ದಾನೆ, ಜ್ವಾಲೆಗೆ ಮರೆಯಾಗಿ ಹಿಡಿದ ಬಾಲಯೇಸುವಿನ ಬೆರಳುಗಳ ಮೂಲಕ ಬೆಳಕು ಕೆಂಪಗೆ ತೂರಿಬರುತ್ತದೆ. ಉಟ್ರೆಕ್ಟಿನ ಹೊಂಟ್‌ಹೊರ್ಸ್ಟನಿಗೆ ಇಂಥ ರಾತ್ರಿ ದೃಶ್ಯಗಳಿಂದಾಗಿ ಇಟಲಿಯಲ್ಲಿ ಅಡ್ಡಹೆಸರೇ ಬಿತ್ತು.

ಹಾಲೆಂಡಿನ ಕ್ಯಾಲ್ವಿನ್‌ಪಂಥೀಯ ಚರ್ಚುಗಳು ಬಲಿಪೀಠದ ಚಿತ್ರಗಳನ್ನು ಬರೆಸುತ್ತಿರಲಿಲ್ಲ. ರೆಂಬ್ರಾಂಟನ (1606–1669) ಬೈಬಲ್ ಚಿತ್ರಗಳೂ ಮುದ್ರಿತ ಹಾಳೆಗಳೂ ಹೆಚ್ಚಾಗಿ ಮನೆಗಳಿಗೆ, ಸಂಗ್ರಾಹಕರಿಗೆ ಹೋದವು. ಅವನ ಬೆಳಕು ಕರವಾಜಿಯೊನದರಂತೆ ಅಂಚು ಕತ್ತರಿಸದು, ಮೆಲ್ಲಗೆ ಕತ್ತಲಿಗೆ ಕರಗುತ್ತದೆ. ಸುಮಾರು 1668ರ ‘ದುಂದುಗಾರ ಮಗನ ಮರಳುವಿಕೆ’ಯಲ್ಲಿ ಮಗನ ಮುಖ ತಂದೆಯ ಎದೆಗೆ ಒತ್ತಿಕೊಂಡಿದೆ. ಅವನು ಸವೆಸಿದ ದಾರಿಯನ್ನು ಹೇಳುವುದು ಕೆರ ಜಾರಿ ಬರಿದಾದ ಒಂದು ಪಾದ; ಕ್ಷಮೆಯನ್ನು ಹೇಳುವುದು ಬೆನ್ನ ಮೇಲಿಟ್ಟ ತಂದೆಯ ಎರಡು ಕೈಗಳು.

ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ ರೋಮಿನ ಅಭಿರುಚಿ ಬೆಳಕು ತುಂಬಿದ ಚಾವಣಿ ಚಿತ್ರಗಳತ್ತ ತಿರುಗಿತ್ತು. ಕರವಾಜಿಯೊನ ಹೆಸರು ಬಹುಕಾಲ ಮಸುಕಾಗಿತ್ತು. ಕಲಾ ಇತಿಹಾಸಕಾರ ರೊಬೆರ್ತೊ ಲೋಂಗಿ 1951ರಲ್ಲಿ ಮಿಲಾನಿನಲ್ಲಿ ಏರ್ಪಡಿಸಿದ ಪ್ರದರ್ಶನದಿಂದ ಮತ್ತೆ ಜನಮನಕ್ಕೆ ಬಂತು. ಹೊಂಟ್‌ಹೊರ್ಸ್ಟನದೆಂದು ಭಾವಿಸಲಾಗಿದ್ದ, ಡಬ್ಲಿನ್ನಿನ ಜೆಸ್ವಿಟ್ ನಿವಾಸದಲ್ಲಿದ್ದ ‘ಕ್ರಿಸ್ತನ ಬಂಧನ’ (1602) ಕರವಾಜಿಯೊನದೇ ಕೃತಿಯೆಂದು 1990ರ ದಶಕದಲ್ಲಿ ಸಾಬೀತಾಗಿ, ಇಂದು ಐರ್ಲೆಂಡಿನ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ. ಅದರ ಬಲತುದಿಯಲ್ಲಿ ಲಾಂದ್ರ ಎತ್ತಿ ಹಿಡಿದಿರುವವನು ಸ್ವತಃ ಕಲಾವಿದನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.