ವಿದ್ಯುತ್ತು ಅಳೆಯುವ ಮೀಟರು : ಅದು ನಮ್ಮ ಹೊಲಕ್ಕೆ ಬಂದ ದಾರಿ



ನಿಮ್ಮಲ್ಲಿ ಅನೇಕರ ಪಂಪುಮನೆಯ ಗೂಟಕ್ಕೆ ಈಗ ಅಂಗೈಯಗಲದ ಒಂದು ಪೆಟ್ಟಿಗೆ ತೂಗುಬಿದ್ದಿರುತ್ತದೆ. ಒಂದು ಕೆಂಪು ತಂತಿ, ಒಂದು ಕರಿ ತಂತಿ, ನಡುವೆ ತಿರುಗಿಸುವ ಗುಂಡಿ, ಮೇಲೆ ಅಂಕಿ ಮೂಡುವ ಗಾಜು. ಇದಕ್ಕೆ ಡಿಜಿಟಲ್ ಮಲ್ಟಿಮೀಟರು ಎಂದು ಹೆಸರು. ಅಥಣಿ ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹುಡುಗರು ಅದನ್ನು ತಂದು ತಂತಿಗೆ ಹಚ್ಚಿ, "ಅಪ್ಪಾ, ನಾಲ್ಕುನೂರು ತೋರಸ್ತೈತಿ, ಕರೆಂಟು ಛಲೋ ಐತಿ" ಎಂದು ಕೂಗುತ್ತಾರೆ. ನಾನೂ ಒಮ್ಮೆ ಹಾಗೆಯೇ ಕೂಗಿದವನು. ಅದರಿಂದ ಒಬ್ಬ ರೈತರ ಮೋಟಾರು ಎರಡನೇ ಸಲ ಸುಟ್ಟಿತು. ಆ ಸಂಗತಿಯನ್ನು ಆಮೇಲೆ ಹೇಳುವೆನು. ಮೊದಲು ಈ ಪೆಟ್ಟಿಗೆ ಯಾವ ದಾರಿಯಿಂದ ಬಂತೆಂದು ಕೇಳಿರಿ.

ಮೀಟರಿನ ಗುಂಡಿಯ ಸುತ್ತ ಬರೆದಿರುವುದು ಮೂವರು ಮನುಷ್ಯರ ಹೆಸರು. ಇಟಲಿ ದೇಶದ ವೋಲ್ಟಾ 1800ರಲ್ಲಿ ಎರಡು ಬಗೆಯ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು, ಅವನ್ನು ಒಂದರ ಮೇಲೊಂದು ಪೇರಿಸಿ ಮೊದಲ ಬ್ಯಾಟರಿ ಮಾಡಿದನು. ಫ್ರಾನ್ಸಿನ ಆಂಪೇರ್ ತಂತಿಯಲ್ಲಿ ಹರಿಯುವ ಪ್ರವಾಹದ ಲೆಕ್ಕ ಕೊಟ್ಟನು. ಜರ್ಮನಿಯ ಓಮ್ ಶಾಲಾ ಮಾಸ್ತರನು. ತಂತಿ ಎಷ್ಟು ತಡೆ ಒಡ್ಡುತ್ತದೆ ಎಂಬ ನಿಯಮವನ್ನು 1827ರಲ್ಲಿ ಪ್ರಕಟಿಸಿದನು. ನಮ್ಮ ಕಾಲುವೆಯ ಮಾತಿನಲ್ಲಿ ಹೇಳಬೇಕೆಂದರೆ ವೋಲ್ಟು ಎಂದರೆ ನೀರಿನ ಒತ್ತಡ, ಆಂಪೇರು ಎಂದರೆ ಹರಿಯುವ ನೀರಿನ ಪ್ರಮಾಣ, ಓಮು ಎಂದರೆ ಕಾಲುವೆಯ ಇಕ್ಕಟ್ಟು. ಈ ಹೆಸರುಗಳನ್ನು 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅನೇಕ ದೇಶಗಳ ಪಂಡಿತರು ಒಪ್ಪಿಕೊಂಡರು. ಸೇರು, ಪಾವು, ಕೊಳಗ ಊರಿಗೊಂದು ತರ ಇದ್ದ ಕಾಲದಲ್ಲಿ ವಿದ್ಯುತ್ತಿಗೆ ಮಾತ್ರ ಜಗತ್ತಿಗೆಲ್ಲ ಒಂದೇ ಅಳತೆಯಾಯಿತು.

ಅಳೆಯುವ ಉಪಾಯ ಸಿಕ್ಕದ್ದು 1820ರಲ್ಲಿ. ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ಪ್ರಾಧ್ಯಾಪಕನು ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಸರಿಯುವುದನ್ನು ಕಂಡನು. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಎಲ್ಲ ಮೀಟರುಗಳೂ ಮುಳ್ಳಿನ ಮೀಟರುಗಳೇ. ಆದರೆ ವೋಲ್ಟಿಗೆ ಒಂದು, ಆಂಪೇರಿಗೆ ಒಂದು, ಓಮಿಗೆ ಮತ್ತೊಂದು ಪೆಟ್ಟಿಗೆ ಹೊರಬೇಕಾಗುತ್ತಿತ್ತು. ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿ ತಂತಿ ರಿಪೇರಿ ನೋಡುತ್ತಿದ್ದ ಮಕಾಡಿ ಎಂಬ ಇಂಜಿನಿಯರನಿಗೆ ಈ ಹೊರೆ ಸಾಕಾಯಿತು. ಮೂರನ್ನೂ ಒಂದರಲ್ಲಿ ಸೇರಿಸಿದ ಅವನ ಮೀಟರು 1923ರಲ್ಲಿ ಮಾರಾಟಕ್ಕೆ ಬಂತು. ಆಂಪೇರು, ವೋಲ್ಟು, ಓಮು ಈ ಮೂರರ ಮೊದಲಕ್ಷರ ಕೂಡಿಸಿ ಅದಕ್ಕೆ ಆವೋಮೀಟರು ಎಂದು ಹೆಸರಿಟ್ಟರು. ಇಂದಿನ ಮಲ್ಟಿಮೀಟರಿಗೆ ಇದೇ ಹಿರಿಯಣ್ಣ. ಹೊತ್ತು ಹೊತ್ತು ಬೇಸತ್ತವನೇ ಸಲಕರಣೆ ಸುಧಾರಿಸುತ್ತಾನೆ, ಇದು ಕೂರಿಗೆ ಹಿಡಿದವರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲು ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ನಮ್ಮ ಅಥಣಿ ಆಗ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯ ತಾಲೂಕು. ಇಲ್ಲಿ ಎತ್ತು ಹೂಡಿ ಚರ್ಮದ ಮೊಟದಿಂದ ಬಾವಿಯ ನೀರೆತ್ತುವ ಕಾಲವದು. 1956ರ ನವೆಂಬರ ಒಂದರಂದು ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. ಮರುವರ್ಷ, 1957ರಲ್ಲಿ, ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ಆಮೇಲಿನ ದಶಕಗಳಲ್ಲಿ ಕಂಬಗಳು ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳಿಗೂ, ಪೂರ್ವದ ಮಡ್ಡಿಯ ದ್ರಾಕ್ಷಿ ತೋಟಗಳಿಗೂ ನಡೆದು ಬಂದವು. 2002ರಿಂದ ಈ ಭಾಗದ ಹಂಚಿಕೆ ಹುಬ್ಬಳ್ಳಿಯ ಕಂಪನಿಯ ಪಾಲಿಗಿದೆ.

ಕಂಬ ಬಂತು, ಮೀಟರು ಬರಲಿಲ್ಲ. ಮುಳ್ಳಿನ ಮೀಟರಿಗೆ ಬೆಲೆ ಹೆಚ್ಚು, ಕೈಜಾರಿ ಬಿದ್ದರೆ ಮುಗಿಯಿತು. ಹಳೆಯ ವೈರಮನ್‌ರ ಚೀಲದಲ್ಲಿ ಇರುತ್ತಿದ್ದುದು ಒಂದೇ ಅಳತೆಯ ಎರಡು ಬಲ್ಬು, ಒಂದರ ಹಿಂದೊಂದು ಜೋಡಿಸಿದ್ದು. ಎರಡು ಫೇಸಿನ ನಡುವೆ ಹಿಡಿದಾಗ ಎರಡೂ ಸರಿಯಾಗಿ ಉರಿದರೆ ಕರೆಂಟು ಪೂರಾ. ಕೆಂಪಗೆ ಮಿಣುಕಿದರೆ ಕಡಿಮೆ. ಉರಿಯದಿದ್ದರೆ ಅಲ್ಲಿ ಒಂದು ಫೇಸು ಇಲ್ಲ. ನಾವು ಓದಿದ ಹುಡುಗರು ಅದನ್ನು ನೋಡಿ ನಗುತ್ತಿದ್ದೆವು. ನಗಬಾರದಿತ್ತು.

ಅಂಕಿ ತೋರಿಸುವ ಮೀಟರನ್ನು ಮೊದಲು ಮಾಡಿದವನು ಅಮೆರಿಕದ ಆಂಡ್ರ್ಯೂ ಕೇ, 1950ರ ದಶಕದ ಆರಂಭದಲ್ಲಿ. ಅದು ಮೇಜಿನ ಮೇಲಿಡುವಷ್ಟು ದೊಡ್ಡದು, ಬೆಲೆಯೂ ದೊಡ್ಡದು. 1970ರ ದಶಕದಲ್ಲಿ ಉಗುರಗಲದ ಚಿಪ್ಪಿನೊಳಗೆ ಸಾವಿರಾರು ಭಾಗಗಳು ಅಡಗಿದ ಮೇಲೆ ಮೀಟರು ಕೈಗೆ ಬಂತು, ಆಮೇಲೆ ಅಗ್ಗವಾಯಿತು. ಇಲ್ಲಿ ಒಂದು ಮರ್ಮವಿದೆ. ಬಲ್ಬು ಉರಿಯಬೇಕಾದರೆ ತಂತಿಯಿಂದ ನಿಜವಾದ ಶಕ್ತಿ ಬೇಡುತ್ತದೆ. ಹಳೆಯ ಮುಳ್ಳೂ ಸರಿಯಲಿಕ್ಕೆ ಸ್ವಲ್ಪ ಬೇಡುತ್ತಿತ್ತು. ಹೊಸ ಮೀಟರು ಬಹುತೇಕ ಏನನ್ನೂ ಬೇಡುವುದಿಲ್ಲ. ಅದರ ಒಳಗಿನ ತಡೆ ಸಾಮಾನ್ಯವಾಗಿ ಒಂದು ಕೋಟಿ ಓಮು. ಹೀಗಾಗಿ ತುಂಡಾದ ಸತ್ತ ತಂತಿ ಜೀವಂತ ತಂತಿಯ ಪಕ್ಕದಲ್ಲಿ ಮಲಗಿದ್ದರೆ ಸಾಕು, ಈ ಮೀಟರು ಅದರಲ್ಲೂ ಐವತ್ತು, ತೊಂಬತ್ತು ವೋಲ್ಟು ತೋರಿಸಬಹುದು. ಅದು ಭೂತದ ವೋಲ್ಟು. ಬಲ್ಬು ಹಚ್ಚಿದರೆ ಮಾಯ!

ಈಗ ನನ್ನ ತಪ್ಪಿನ ಮಾತು. ನಾನು ಕೃಷಿ ಡಿಪ್ಲೋಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಮಡ್ಡಿ ಭಾಗದ ಒಂದೂರಿನಲ್ಲಿ ಒಬ್ಬ ರೈತರ ಏಳೂವರೆ ಎಚ್‌ಪಿ ಕೊಳವೆಬಾವಿ ಮೋಟಾರು ಬೇಸಿಗೆಯಲ್ಲಿ ಸುಟ್ಟಿತು. ಕಟ್ಟಿಸಿ ಇಳಿಸಿದರು. ನಾನು ಹೊಸ ಮೀಟರಿನ ಹೆಮ್ಮೆಯಲ್ಲಿ, ಮೋಟಾರು ಬಂದಿರುವಾಗಲೇ ಸ್ಟಾರ್ಟರಿನಲ್ಲಿ ಅಳೆದೆ. 405 ವೋಲ್ಟು. "ಕರೆಂಟು ಸರಿಯಿದೆ, ತಪ್ಪು ಸುತ್ತಿದವನದು" ಎಂದು ತೀರ್ಪು ಕೊಟ್ಟು ಬಂದೆ. ಎಂಟನೇ ದಿನಕ್ಕೆ ಮತ್ತೆ ಸುಟ್ಟಿತು. ಆ ಮನೆಯ ತಾಯಿ ನನಗೆ ಚಹಾ ಕೊಟ್ಟರೇ ಹೊರತು ಏನೂ ಅನ್ನಲಿಲ್ಲ. ಒಣಗುವ ಕಬ್ಬಿನ ಮುಂದೆ ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಮೂರನೇ ಸಲ ಮೋಟಾರು ಇಳಿಸಿದ ದಿನ ಒಬ್ಬ ಮುದುಕ ವೈರಮನ್ ಬಂದು, "ಸಾಹೇಬ್ರ, ಎತ್ತಿನ ಬಲ ಕಟ್ಟಿಹಾಕಿದಾಗ ನೋಡ್ತಾರೇನ್ರಿ? ನೊಗ ಹೇರಿ ನೋಡ್ರಿ" ಎಂದರು. ಸುತ್ತಲಿನ ಪಂಪುಗಳೂ ಓಡುತ್ತಿದ್ದ ಹೊತ್ತಿನಲ್ಲಿ ಮೋಟಾರು ಚಾಲೂ ಮಾಡಿ ಅವರೇ ಅಳೆದರು. 330! ಕಂಬದಿಂದ ಬಾವಿಗೆ ಎಳೆದ ಕೇಬಲ್ಲು ಸಣ್ಣದು, ನಡುವೆ ಹೊಸೆದು ಕಟ್ಟಿದ ಮೂರು ಗಂಟು. ಮೇಲೆ ಟ್ರಾನ್ಸ್‌ಫಾರ್ಮರಿಗೆ ತಾಳಲಾರದಷ್ಟು ಪಂಪು. 415 ವೋಲ್ಟಿನ ಮೋಟಾರಿಗೆ 330 ಕೊಟ್ಟರೆ ಐದರಲ್ಲಿ ಒಂದು ಪಾಲು ವೋಲ್ಟು ಕಡಿಮೆಯಾಯಿತು. ಆದರೆ ತಿರುಗಿಸುವ ಬಲ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿಯುತ್ತದೆ. ಹೊರೆ ಮಾತ್ರ ಅಷ್ಟೇ ಇರುವುದರಿಂದ ಮೋಟಾರು ಹೆಚ್ಚು ಆಂಪೇರು ಎಳೆದು ಕಾಯುತ್ತದೆ, ಕಾದು ಸುಡುತ್ತದೆ.

ಆದ್ದರಿಂದ ಎರಡು ಸಲ ಅಳೆಯಿರಿ. ಮೋಟಾರು ಬಂದು ಮಾಡಿ ಮೂರು ಫೇಸುಗಳನ್ನು ಎರಡೆರಡಾಗಿ ಅಳೆದರೆ, ಒಂದು ಫೇಸು ಹೋಗಿದ್ದರೆ ತಿಳಿಯುತ್ತದೆ. ಓಡುವ ಮೋಟಾರು ಹೋದ ಫೇಸಿನಲ್ಲಿ ತಾನೇ ವೋಲ್ಟು ಹುಟ್ಟಿಸಿ ಮೀಟರಿಗೆ ಮೋಸ ಮಾಡುತ್ತದೆ, ಅದಕ್ಕಾಗಿ ಬಂದು ಮಾಡುವುದು. ಆಮೇಲೆ ಚಾಲೂ ಮಾಡಿ ಇನ್ನೊಮ್ಮೆ ಅಳೆದರೆ ಎಷ್ಟು ಇಳಿಯಿತೆಂಬುದು ಗೊತ್ತು. ಕೆಂಪು ತಂತಿ ಆಂಪೇರಿನ ತೂತಿನಲ್ಲಿದ್ದಾಗ ಎರಡು ಫೇಸಿಗೆ ಹಚ್ಚಿದಿರೋ, ಮೀಟರು ಕೈಯಲ್ಲೇ ಸಿಡಿಯುತ್ತದೆ. ಓಮಿನಲ್ಲಿಟ್ಟು ಜೀವಂತ ತಂತಿ ಮುಟ್ಟಬೇಡಿರಿ. ನಮ್ಮ ಅಥಣಿಯ ಚಪ್ಪಲಿ ಲೋಕಪ್ರಸಿದ್ಧ ಹೌದು, ಆದರೆ ತೊಯ್ದ ಚರ್ಮ ಕರೆಂಟನ್ನು ತಡೆಯದು. ಸ್ಟಾರ್ಟರಿನ ಬಾಗಿಲು ತೆರೆದು ಅಳೆಯುವ ಕೆಲಸ ಲೈಸೆನ್ಸಿನ ವೈರಮನ್‌ನದೇ ಇರಲಿ. ನೀವು ಎದುರು ನಿಂತು ಎರಡು ಸಲ ಅಳೆಯಿಸಿ, ಅಂಕಿ ಬರೆದುಕೊಳ್ಳಿರಿ.

ಮೋಟಾರಿನ ಸುತ್ತು ತೊಯ್ದಿದೆಯೇ ಎಂಬುದನ್ನು ಮಾತ್ರ ಈ ಪೆಟ್ಟಿಗೆ ನಂಬುವಂತೆ ಹೇಳಲಾರದು. ಅದರ ಸಣ್ಣ ಬ್ಯಾಟರಿಯ ಒತ್ತಡ ಸಾಲದು. ಅದಕ್ಕೆ 500 ವೋಲ್ಟು ಹಾಕಿ ನೋಡುವ ಮೆಗ್ಗರ್ ಬೇಕು. ಇಂಗ್ಲೆಂಡಿನಲ್ಲಿ ಆ ಹೆಸರು ದಾಖಲಾದದ್ದು 1903ರಲ್ಲಿ. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಬಾವಿಗೆ ಇಳಿಸಬೇಡಿರಿ.

ಆ ರೈತರು ದಪ್ಪ ಕೇಬಲ್ಲು ಹಾಕಿಸಿದರು. ಒಂದು ತಿಂಗಳು ದಿನಕ್ಕೆ ಮೂರು ಹೊತ್ತಿನ ವೋಲ್ಟನ್ನು ಬರೆಯಿಸಿ, ಮಗಳ ನೋಟುಬುಕ್ಕಿನಲ್ಲಿ ಇಟ್ಟು, ನೆರೆಯವರ ಸಹಿ ಕೂಡಿಸಿ ಟ್ರಾನ್ಸ್‌ಫಾರ್ಮರಿಗೆ ಅರ್ಜಿ ಕೊಟ್ಟರು. ಬಾಯಿಮಾತಿನ ದೂರಿಗೆ ತಲೆಯಾಡಿಸಿ ಕಳಿಸುತ್ತಿದ್ದವರು ಆ ಪುಟಗಳನ್ನು ತಿರುವಿ ನೋಡಿದರು. ಟ್ರಾನ್ಸ್‌ಫಾರ್ಮರು ಬರಲಿಕ್ಕೆ ಮತ್ತೊಂದು ಬೇಸಿಗೆ ಹಿಡಿಯಿತು. ಮೋಟಾರು ಅಷ್ಟರವರೆಗೆ ಸುಡಲಿಲ್ಲ, ಏಕೆಂದರೆ ಚಾಲೂ ಮಾಡಿದ ಮೇಲೆ ಅಂಕಿ 350ರ ಕೆಳಗೆ ಇಳಿದ ದಿನ ಆ ಮನೆಯವರು ಪಂಪು ಬಂದು ಮಾಡಿ ರಾತ್ರಿಯ ಸರದಿಗೆ ಕಾಯುತ್ತಿದ್ದರು.