ನಿಕಲ್ ಸಲ್ಫೇಟ್

ನಿಕಲ್ ಲವಣಗಳ ಪೈಕಿ ಕೈಗಾರಿಕೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಸಾಮಾನ್ಯವಾಗಿ ಮಾರಾಟಕ್ಕೆ ಬರುವುದು ಆರು ನೀರಿನ ಅಣುಗಳಿರುವ ನೀಲಿ-ಹಸಿರು ಹರಳು. ಕಾಯಿಸಿ ನೀರನ್ನು ಪೂರ್ತಿ ತೆಗೆದರೆ ಹಳದಿ ಪುಡಿ ಉಳಿಯುತ್ತದೆ. ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ದ್ರಾವಣ ತುಸು ಆಮ್ಲೀಯ.

ಇದರ ಹಳೆಯ ಕಸುಬು ವಿದ್ಯುಲ್ಲೇಪನ. ಆಲಿವರ್ ವಾಟ್ಸ್ 1916ರಲ್ಲಿ ಪ್ರಕಟಿಸಿದ ಮಿಶ್ರಣವೇ ತುಸು ಬದಲಾವಣೆಯೊಂದಿಗೆ ಇಂದಿಗೂ ಚಾಲ್ತಿಯಲ್ಲಿದೆ. ಲೀಟರಿಗೆ ಸುಮಾರು 240–300 ಗ್ರಾಂ ನಿಕಲ್ ಸಲ್ಫೇಟ್, ಆನೋಡ್ ಸರಾಗವಾಗಿ ಕರಗಲು ನಿಕಲ್ ಕ್ಲೋರೈಡ್, ಆಮ್ಲೀಯತೆ ಏರುಪೇರಾಗದಂತೆ ಬೋರಿಕ್ ಆಮ್ಲ. ಹೀಗೆ ಲೇಪಿಸಿದ ನಲ್ಲಿಯ ಹೊಳಪಿಗೆ ಹೆಸರು ಬರುವುದು ಕ್ರೋಮಿಯಂಗೆ. ಆದರೆ ತುಕ್ಕು ತಡೆಯುವ ಕೆಲಸವನ್ನು ಬಹುಪಾಲು ಮಾಡುವುದು ಅದರಡಿಯ ದಪ್ಪನೆಯ ನಿಕಲ್ ಪದರ. ಈಚೆಗೆ ವಿದ್ಯುತ್ ವಾಹನಗಳ ಲಿಥಿಯಂ-ಅಯಾನ್ ಬ್ಯಾಟರಿಗಳಿಂದಾಗಿ ಬೇಡಿಕೆ ಏರಿದೆ. ಮ್ಯಾಂಗನೀಸ್, ಕೋಬಾಲ್ಟ್ ಸಲ್ಫೇಟುಗಳ ಜೊತೆ ಇದನ್ನು ಕರಗಿಸಿ, ಕ್ಷಾರ ಸೇರಿಸಿ ಒತ್ತರಿಸಿದ ಹೈಡ್ರಾಕ್ಸೈಡನ್ನು ಲಿಥಿಯಂ ಲವಣದೊಡನೆ ಸುಟ್ಟು ಕ್ಯಾಥೋಡ್ ಪುಡಿ ಮಾಡುತ್ತಾರೆ.

ಅಂದದ ಹರಳಾದರೂ ಬರಿಗೈಯಲ್ಲಿ ಮುಟ್ಟತಕ್ಕದ್ದಲ್ಲ. ಬೆರಳ ಸಂದಿಯಲ್ಲಿ, ಮುಂಗೈಯಲ್ಲಿ ತುರಿಕೆಯ ಗುಳ್ಳೆಗಳೇಳಬಹುದು. ಒಮ್ಮೆ ಅಲರ್ಜಿ ಅಂಟಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿದು, ನಿಕಲ್ ಇರುವ ಕೈಗಡಿಯಾರದ ಕೊಂಡಿ ತಾಕಿದರೂ ಕೆರಳಬಹುದು. ಲೇಪನದ ತೊಟ್ಟಿಯಿಂದೇಳುವ ಸಣ್ಣ ತುಂತುರು ಇನ್ನೂ ಅಪಾಯಕಾರಿ: ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿಕಲ್ ಸಂಯುಕ್ತಗಳನ್ನು ಮಾನವರಲ್ಲಿ ಶ್ವಾಸಕೋಶ ಹಾಗೂ ಮೂಗಿನ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತೊಟ್ಟಿಯ ಅಂಚಿನಲ್ಲೇ ಗಾಳಿ ಹೀರುವ ವ್ಯವಸ್ಥೆ ಬೇಕು. ಜಲಚರಗಳಿಗೂ ಇದು ವಿಷ. ಆದ್ದರಿಂದ ಲೇಪಿಸಿದ ವಸ್ತುಗಳನ್ನು ತೊಳೆದ ನೀರಿಗೆ ಸುಣ್ಣ ಹಾಕಿ ನಿಕಲ್ಲನ್ನು ತಳಕ್ಕಿಳಿಸುತ್ತಾರೆ. ಆ ಹಸಿರು ಕೆಸರೂ ಅಪಾಯಕಾರಿ ತ್ಯಾಜ್ಯವೇ.